ಬುರುಡೆಗೆ ಹಾಕುವ ಸಿಮೆಂಟ್: ಅದರ ಕೆಲಸ ಯಾವುದು, ಯಾವುದಲ್ಲ

ಮುಖದ ನರದ ನೋವಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ಡಿಸ್ಚಾರ್ಜ್ ಪತ್ರದಲ್ಲಿ ‘ಬುರುಡೆಯ ರಂಧ್ರವನ್ನು ಬೋನ್ ಸಿಮೆಂಟ್‌ನಿಂದ ಮುಚ್ಚಲಾಗಿದೆ’ ಎಂಬ ಸಾಲು ಕಂಡರೆ ಮನೆಯವರು ಗಾಬರಿಯಾಗುವುದು ಸಹಜ. ವರದಿಗಳನ್ನು ಹುಡುಕಲು ಹೊರಟರೆ ಗೊಂದಲ ಇನ್ನೂ ಹೆಚ್ಚುತ್ತದೆ. ಸಿಮೆಂಟ್ ಹಾಕಿದರೆ ತಲೆನೋವು ಕಡಿಮೆ, ಮಿದುಳಿನ ಸುತ್ತಲಿನ ದ್ರವ ಸೋರುವುದೂ ಕಡಿಮೆ ಎಂದು ಒಂದು ಕಡೆ ಬರೆದಿರುತ್ತದೆ. ಹೊರಗಿನ ವಸ್ತು ಸೋಂಕಿಗೆ ದಾರಿ ಎಂದು ಇನ್ನೊಂದು ಕಡೆ. ಮತ್ತೊಂದು ಕಡೆ, ಸೊಂಟದ ಕೀಲು ಬದಲಿಸುವಾಗ ಸಿಮೆಂಟ್ ತುಂಬಿದ ಕೂಡಲೇ ರಕ್ತದೊತ್ತಡ ಕುಸಿದ ಪ್ರಕರಣಗಳ ವಿವರ. ಇವೆಲ್ಲ ಒಂದೇ ಸಿಮೆಂಟಿನ ಬಗ್ಗೆ ಆಡಿದ ಮಾತೆಂದು ಓದಿಕೊಂಡರೆ ತಲೆ ಕೆಡುತ್ತದೆ. ಅವು ಒಂದೇ ವಸ್ತುವಿನ ಬಗ್ಗೆ ಅಲ್ಲ, ಒಂದೇ ಕೆಲಸದ ಬಗ್ಗೆಯೂ ಅಲ್ಲ.

ಕೊರೆಯುವುದು ಎಲ್ಲಿ, ಏಕೆ

ಟ್ರೈಜೆಮಿನಲ್ ನ್ಯೂರಾಲ್ಜಿಯಾ ಇರುವವರಿಗೆ ಹಲ್ಲುಜ್ಜಿದರೂ, ಮುಖಕ್ಕೆ ಗಾಳಿ ತಾಗಿದರೂ ಕೆನ್ನೆಯಲ್ಲಿ ಕರೆಂಟ್ ಹೊಡೆದಂಥ ನೋವು. ಐದನೇ ಕಪಾಲ ನರ ಮಿದುಳುಕಾಂಡದಿಂದ ಹೊರಬೀಳುವ ಜಾಗದಲ್ಲಿ ಒಂದು ರಕ್ತನಾಳ ನರಕ್ಕೆ ಒತ್ತಿಕೊಂಡು ಮಿಡಿಯುತ್ತಿರುವುದು ಬಹಳ ಜನರಲ್ಲಿ ಇದಕ್ಕೆ ಕಾರಣ. ಹೆಚ್ಚಾಗಿ ಅದು ಸುಪೀರಿಯರ್ ಸೆರೆಬೆಲ್ಲರ್ ಎಂಬ ಅಪಧಮನಿ. ಅಮೆರಿಕದ ನರಶಸ್ತ್ರಚಿಕಿತ್ಸಕ ವಾಲ್ಟರ್ ಡ್ಯಾಂಡಿ 1934ರಲ್ಲೇ ಇದನ್ನು ಬರೆದಿದ್ದರು. ನರವನ್ನು ಕತ್ತರಿಸದೆ ರಕ್ತನಾಳವನ್ನು ಸರಿಸಿ ನಡುವೆ ಮೆತ್ತೆ ಇಡುವ ವಿಧಾನವನ್ನು 1960ರ ದಶಕದಿಂದ ಮುಂದಕ್ಕೆ ಸೂಕ್ಷ್ಮದರ್ಶಕದ ನೆರವಿನಿಂದ ಬೆಳೆಸಿದವರು ಅಮೆರಿಕದ ಪೀಟರ್ ಜಾನೆಟ್ಟಾ. ಇದಕ್ಕೆ ಮೈಕ್ರೋವಾಸ್ಕ್ಯುಲರ್ ಡಿಕಂಪ್ರೆಶನ್ ಎಂದು ಹೆಸರು. ಮೆತ್ತೆಗೆ ಇಂದು ಸಾಮಾನ್ಯವಾಗಿ ಬಳಸುವುದು ಟೆಫ್ಲಾನ್ ಎಳೆಗಳನ್ನು. ಮುಖದ ಅರ್ಧಭಾಗ ಸೆಳೆಯುವ ಹೆಮಿಫೇಶಿಯಲ್ ಸ್ಪಾಸಮ್‌ಗೂ ದಾರಿ ಇದೇ. ಶ್ರವಣ ನರದ ಗಡ್ಡೆಗಳನ್ನು ತೆಗೆಯುವಾಗಲೂ ಹಲವು ಸಲ ಇದೇ ಜಾಗದಿಂದ ಒಳಹೋಗುತ್ತಾರೆ.

ಈ ದಾರಿ ತೆರೆಯುವುದು ಕಿವಿಯ ಹಿಂದೆ. ಅಲ್ಲಿ ಬುರುಡೆಯ ಒಳಮೈಗೆ ಅಂಟಿಕೊಂಡು ಎರಡು ದೊಡ್ಡ ಸಿರೆಗಳಿವೆ: ಅಡ್ಡಕ್ಕೆ ಬರುವ ಟ್ರಾನ್ಸ್‌ವರ್ಸ್ ಸೈನಸ್ ಮತ್ತು ಕೆಳಕ್ಕೆ ತಿರುಗುವ ಸಿಗ್ಮಾಯ್ಡ್ ಸೈನಸ್. ಅವೆರಡೂ ಕೂಡುವ ಮೂಲೆಯ ಅಂಚು ಕಾಣುವಂತೆ ಸುಮಾರು 2.5ರಿಂದ 3 ಸೆಂಟಿಮೀಟರ್ ಅಗಲದ ರಂಧ್ರ ಕೊರೆಯುತ್ತಾರೆ. ಆಮೇಲೆ ಡ್ಯೂರಾ ಎಂಬ ಗಟ್ಟಿ ಹೊರಪೊರೆಯನ್ನು ಕತ್ತರಿಸಿ, ಒಳಗಿನ ದ್ರವವನ್ನು ಸ್ವಲ್ಪ ಹೊರಬಿಟ್ಟು, ಕಿರುಮಿದುಳು ತಾನಾಗಿ ಸಡಿಲವಾದ ಮೇಲೆ ನರದತ್ತ ಹೋಗುತ್ತಾರೆ.

ಕಷ್ಟವಿರುವುದು ಆ ಮೂಲೆಯ ಎಲುಬಿನಲ್ಲೇ. ಕಿವಿಯ ಹಿಂದೆ ಕೈಗೆ ಸಿಗುವ ಉಬ್ಬು, ಅಂದರೆ ಮಾಸ್ಟಾಯ್ಡ್ ಎಲುಬು, ಒಳಗೆ ಜೇನುಗೂಡಿನಂತೆ ಗಾಳಿಗೂಡುಗಳಿಂದ ತುಂಬಿರುತ್ತದೆ. ಆ ಗೂಡುಗಳಿಗೆ ನಡುಗಿವಿಯ ಜೊತೆ ಸಂಪರ್ಕವಿದೆ, ನಡುಗಿವಿಗೆ ಯುಸ್ಟೇಶಿಯನ್ ನಾಳದ ಮೂಲಕ ಮೂಗಿನ ಹಿಂಭಾಗದ ಜೊತೆ. ಕೊರೆಯುವಾಗ ಒಂದೆರಡು ಗೂಡು ತೆರೆದುಕೊಂಡು ಹಾಗೇ ಉಳಿದರೆ ಮಿದುಳಿನ ಕೋಣೆಯಿಂದ ಮೂಗಿನವರೆಗೆ ಒಂದು ಕಳ್ಳದಾರಿ ಸಿದ್ಧವಾದಂತೆ. ಮುಂದಿನ ಚರ್ಚೆಯ ಅರ್ಧ ಭಾಗ ಈ ದಾರಿಯದ್ದೇ.

ರಂಧ್ರ ಚಿಕ್ಕದು, ಹಾಗೇ ಬಿಟ್ಟರೆ ಏನಾಗುತ್ತದೆ?

ಬಹಳ ಕಾಲ ಹಾಗೇ ಬಿಡುತ್ತಿದ್ದರು. ಇಂದಿಗೂ ಬಿಡುವವರಿದ್ದಾರೆ. ಅವರ ವಾದವನ್ನು ತಳ್ಳಿಹಾಕುವಂತಿಲ್ಲ: ರಂಧ್ರದ ಮೇಲೆ ಕತ್ತಿನ ದಪ್ಪ ಸ್ನಾಯುಗಳ ಹೊದಿಕೆ ಇದೆ, ಮಿದುಳಿಗೆ ಪೆಟ್ಟು ತಗಲುವ ಸಾಧ್ಯತೆ ಕಡಿಮೆ, ಹೊರಗಿನ ವಸ್ತು ಇಲ್ಲದಿದ್ದರೆ ಅದಕ್ಕೆ ಸೋಂಕು ತಗಲುವ ಪ್ರಶ್ನೆಯೂ ಇಲ್ಲ.

ಆದರೆ ಎಲುಬಿಲ್ಲದ ಜಾಗದಲ್ಲಿ ಸ್ನಾಯು ನೇರವಾಗಿ ಡ್ಯೂರಾಕ್ಕೆ ಅಂಟಿಕೊಳ್ಳುತ್ತದೆ. ಮಿದುಳಿಗೆ ನೋವು ಗೊತ್ತಾಗುವುದಿಲ್ಲ, ಡ್ಯೂರಾಕ್ಕೆ ಚೆನ್ನಾಗಿ ಗೊತ್ತಾಗುತ್ತದೆ. ಕತ್ತು ತಿರುಗಿಸಿದಾಗ, ಕೆಮ್ಮಿದಾಗ ಸ್ನಾಯು ಡ್ಯೂರಾವನ್ನು ಜಗ್ಗುತ್ತದೆ. ಶಸ್ತ್ರಚಿಕಿತ್ಸೆಯಾಗಿ ತಿಂಗಳುಗಳು ಕಳೆದರೂ ಕೆಲವರಲ್ಲಿ ಉಳಿಯುವ ತಲೆನೋವಿಗೆ ಹೇಳುವ ಮುಖ್ಯ ವಿವರಣೆ ಇದು. ಅದೊಂದೇ ಕಾರಣ ಎಂದಲ್ಲ. ಚರ್ಮ ಕೊಯ್ಯುವಾಗ ಹಿಂದಲೆಯ ಆಕ್ಸಿಪಿಟಲ್ ನರಗಳಿಗೆ ಆದ ಗಾಯ, ಒಳಗೆ ಬಿದ್ದ ಎಲುಬಿನ ಪುಡಿಯಿಂದ ಬಂದ ಉರಿಯೂತ ಕೂಡ ಇದೇ ನೋವು ಕೊಡಬಲ್ಲವು. ಸಿಮೆಂಟ್ ಮೊದಲನೆಯದಕ್ಕೆ ಅಡ್ಡ ನಿಲ್ಲುತ್ತದೆ. ಉಳಿದೆರಡಕ್ಕೆ ಅದರಿಂದ ಏನೂ ಆಗುವುದಿಲ್ಲ.

ತೆಗೆದ ಎಲುಬನ್ನೇ ಮರಳಿ ಕೂರಿಸಬಾರದೇ ಎಂದು ಕೇಳಬಹುದು. ಎಲುಬು ಒಂದೇ ತುಂಡಾಗಿ ಬಂದಿದ್ದರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ ಎನ್ನುವುದು ನಮ್ಮ ನಿಲುವು. ಸಣ್ಣ ಟೈಟಾನಿಯಂ ಪಟ್ಟಿ, ಸ್ಕ್ರೂಗಳಿಂದ ಅದನ್ನು ಕಟ್ಟಿಬಿಡಬಹುದು. ಆದರೆ ವಯಸ್ಸಾದವರಲ್ಲಿ ಡ್ಯೂರಾ ಎಲುಬಿಗೆ ಬಿಗಿಯಾಗಿ ಅಂಟಿರುತ್ತದೆ. ಸಿರೆಯ ಮೇಲಿನ ಎಲುಬನ್ನು ತುಂಡಾಗಿ ಎತ್ತಲು ಹೋದರೆ ಸಿರೆಯೇ ಹರಿಯುವ ಭಯವಿದೆ. ಹಾಗಾಗಿ ಅಂಚಿನ ಎಲುಬನ್ನು ಡ್ರಿಲ್‌ನಿಂದ ಸವೆಸಿ ಪುಡಿ ಮಾಡಿಯೇ ತೆಗೆಯಬೇಕಾಗುತ್ತದೆ. ಪುಡಿಯಾದ ಮೇಲೆ ಮರಳಿಸಲು ತುಂಡು ಉಳಿಯುವುದಿಲ್ಲ. ಆಗ ಉಳಿಯುವ ಆಯ್ಕೆ ಟೈಟಾನಿಯಂ ಜಾಲರಿ ಅಥವಾ ಸಿಮೆಂಟ್.

ಒಂದು ಹೆಸರು, ಎರಡು ವಸ್ತು

ಬೋನ್ ಸಿಮೆಂಟ್ ಎಂದು ಕರೆಯುವ ಮೊದಲ ವಸ್ತು ಪಿಎಂಎಂಎ, ಅಂದರೆ ಪಾಲಿಮಿಥೈಲ್ ಮೆಥಾಕ್ರಿಲೇಟ್. ಇದು ಅಕ್ರಿಲಿಕ್ ಪ್ಲಾಸ್ಟಿಕ್. ಬುರುಡೆಯ ರಿಪೇರಿಗೆ 1940ರ ದಶಕದಿಂದಲೂ ಬಳಕೆಯಲ್ಲಿದೆ. ಸೊಂಟದ ಕೃತಕ ಕೀಲನ್ನು ಕೂರಿಸಲು ಬ್ರಿಟನ್ನಿನ ಮೂಳೆ ಶಸ್ತ್ರಚಿಕಿತ್ಸಕ ಜಾನ್ ಚಾರ್ನ್‌ಲಿ ಬಳಸಿದ ಮೇಲೆ ಲೋಕಪ್ರಸಿದ್ಧವಾಯಿತು. ಎರಡು ಭಾಗಗಳಲ್ಲಿ ಬರುತ್ತದೆ: ಮೂಳೆ ವಿಭಾಗದ ಮಾಮೂಲಿ ಪ್ಯಾಕಿನಲ್ಲಿ 40 ಗ್ರಾಂ ಪುಡಿ, 20 ಮಿಲಿಲೀಟರ್ ದ್ರವ. ಪುಡಿಯಲ್ಲಿ ಬೆಂಜೋಯಿಲ್ ಪೆರಾಕ್ಸೈಡ್ ಇರುತ್ತದೆ, ಎಕ್ಸ್-ರೇಯಲ್ಲಿ ಬಿಳಿಯಾಗಿ ಕಾಣಲೆಂದು ಬೇರಿಯಂ ಸಲ್ಫೇಟ್ ಅಥವಾ ಜಿರ್ಕೋನಿಯಂ ಡೈಆಕ್ಸೈಡ್ ಕೂಡ. ದ್ರವವನ್ನು ಸುರಿದು ಕಲಸಿದಾಗ ಮೂಗಿಗೆ ಬಡಿಯುವ ಘಾಟು ಎದ್ದು, ಮೊದಲು ಹಿಟ್ಟಿನ ನೀರಿನಂತಿದ್ದದ್ದು ಕೆಲವು ನಿಮಿಷಗಳಲ್ಲಿ ಕಣಕದ ಹದಕ್ಕೆ ಬರುತ್ತದೆ. ಕೈಗವಸಿಗೆ ಅಂಟುವುದು ನಿಂತಾಗ ರಂಧ್ರಕ್ಕೆ ತುಂಬಿ ಆಕಾರ ಕೊಡಬೇಕು. ಪಕ್ಕದಲ್ಲಿ ಒಂದು ಉಂಡೆ ತೆಗೆದಿಟ್ಟುಕೊಂಡು ಬೆರಳಿನಿಂದ ಒತ್ತಿ ನೋಡುತ್ತಿರುತ್ತಾರೆ. ಉಂಡೆ ಬಿಸಿಯೇರಿ ಕಲ್ಲಾದರೆ ಒಳಗಿನದೂ ಕಲ್ಲಾಗುತ್ತಿದೆ ಎಂದು ತಿಳಿಯಬಹುದು.

ಆ ಬಿಸಿ ಸಣ್ಣದಲ್ಲ. ದಪ್ಪ ಉಂಡೆಯ ನಡುವೆ 70-80 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಎಲುಬಿನ ಜೀವಕೋಶಕ್ಕೆ 47 ಡಿಗ್ರಿ ಬಿಸಿ ಒಂದು ನಿಮಿಷ ತಾಗಿದರೂ ಹಾನಿ. ಹಾಗಾಗಿ ಗಟ್ಟಿಯಾಗುವಷ್ಟು ಹೊತ್ತೂ ತಣ್ಣನೆಯ ಸಲೈನ್ ಸುರಿಯುತ್ತಿರಬೇಕು, ಡ್ಯೂರಾ ಮತ್ತು ಸಿರೆಯ ಮೇಲೆ ಜೆಲಾಟಿನ್ ಸ್ಪಂಜಿನ ಪದರ ಇರಬೇಕು. ಕೆಲವರು ರಂಧ್ರದ ಅಳತೆಗೆ ಬಿಲ್ಲೆ ರೂಪಿಸಿ, ಹೊರಗೆ ತೆಗೆದು ತಣಿಸಿ, ಮರಳಿ ಕೂರಿಸಿ ಸ್ಕ್ರೂ ಹಾಕುತ್ತಾರೆ. ಪಿಎಂಎಂಎ ಗಟ್ಟಿ, ಅಗ್ಗ, ಒದ್ದೆಗೆ ಹೆದರುವುದಿಲ್ಲ. ಆದರೆ ಎಲುಬಿಗೆ ಅಂಟುವುದೂ ಇಲ್ಲ. ರಂಧ್ರದ ಅಂಚಿನಲ್ಲಿ ಬೆಣೆಯಂತೆ ಕೂತಿರುತ್ತದೆ, ಅಷ್ಟೆ.

ಎರಡನೆಯದು ಕ್ಯಾಲ್ಸಿಯಂ ಫಾಸ್ಫೇಟ್ ಸಿಮೆಂಟ್. ಗಟ್ಟಿಯಾದಾಗ ಹೈಡ್ರಾಕ್ಸಿಅಪಟೈಟ್ ಆಗುವುದರಿಂದ ಆ ಹೆಸರೇ ರೂಢಿಯಾಗಿದೆ. ನಮ್ಮ ಎಲುಬಿನ ಖನಿಜಾಂಶದ ಮೂಲ ರಚನೆಯೂ ಇದೇ ಜಾತಿಯದು. 1980ರ ದಶಕದಲ್ಲಿ ಅಮೆರಿಕದ ದಂತವಿಜ್ಞಾನ ಪ್ರಯೋಗಾಲಯದಲ್ಲಿ ಬ್ರೌನ್ ಮತ್ತು ಚೌ ಇದನ್ನು ರೂಪಿಸಿದರು. ಪುಡಿಗೆ ನೀರು ಅಥವಾ ಫಾಸ್ಫೇಟ್ ದ್ರಾವಣ ಬೆರೆಸಿದರೆ ಟೂತ್‌ಪೇಸ್ಟಿನಂತಾಗಿ, ದೇಹದ ಬಿಸಿಯಲ್ಲೇ ಗಟ್ಟಿಯಾಗುತ್ತದೆ. ಸುಡುವಂಥ ಶಾಖ ಹುಟ್ಟುವುದಿಲ್ಲ. ಎಲುಬಿನ ಅಂಚಿಗೆ ಕಚ್ಚಿಕೊಳ್ಳುತ್ತದೆ, ಗಾಳಿಗೂಡಿನ ಸಂದಿಗಳಿಗೆ ಇಳಿಯುತ್ತದೆ. ಮೊದಲ ಪೀಳಿಗೆಯವು ಗಟ್ಟಿಯಾಗಲು 15-20 ನಿಮಿಷ ತೆಗೆದುಕೊಳ್ಳುತ್ತಿದ್ದವು, ಈಗಿನವು ಬೇಗ ಆಗುತ್ತವೆ.

ಇದರ ಶತ್ರು ತೇವ. ಹದಕ್ಕೆ ಬರುವ ಮೊದಲು ರಕ್ತವೋ ದ್ರವವೋ ಸೇರಿದರೆ ಪೇಸ್ಟ್ ಕಲಕಿ ಹೋಗುತ್ತದೆ, ಗಟ್ಟಿಯಾದರೂ ಒಳಗೆ ಪುಡಿಪುಡಿ. ಕೆಳಗೆ ಡ್ಯೂರಾ ಮಿಡಿಯುತ್ತಿದ್ದರೆ ಆ ಮಿಡಿತಕ್ಕೇ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಒತ್ತಿದರೆ ತಾಳುತ್ತದೆ, ಬಾಗಿಸಿದರೆ ಸೀಳುತ್ತದೆ. ದೊಡ್ಡ ರಂಧ್ರಗಳಲ್ಲಿ ಇದು ವರ್ಷಗಳ ಬಳಿಕ ಒಡೆದು, ಸೋಂಕಾಗಿ ತೆಗೆಯಬೇಕಾಗಿ ಬಂದದ್ದುಂಟು. ಆದ್ದರಿಂದ ಸುಮಾರು 25 ಚದರ ಸೆಂಟಿಮೀಟರಿಗಿಂತ ದೊಡ್ಡ ಜಾಗಕ್ಕೆ ಒಂಟಿಯಾಗಿ ಬಳಸಲು ಹಿಂಜರಿಯುತ್ತಾರೆ. ನಾವು ಮಾತಾಡುತ್ತಿರುವ ರಂಧ್ರ 3 ಸೆಂಟಿಮೀಟರ್ ಅಗಲದ್ದಾದರೆ ಅದರ ವಿಸ್ತೀರ್ಣ 7 ಚದರ ಸೆಂಟಿಮೀಟರ್. ಎಲುಬು ಅರ್ಧ ಸೆಂಟಿಮೀಟರ್ ದಪ್ಪ ಎಂದುಕೊಂಡರೆ ಬೇಕಾಗುವ ಸಿಮೆಂಟ್ 3.5 ಮಿಲಿಲೀಟರ್, ಒಂದು ಟೀ ಚಮಚಕ್ಕೂ ಕಡಿಮೆ. ಹಣೆಯ ದೊಡ್ಡ ರಿಪೇರಿಗಳಲ್ಲಿ ಕಂಡ ವೈಫಲ್ಯವನ್ನು ತಂದು ಈ ಚಿಕ್ಕ ರಂಧ್ರಕ್ಕೆ ಅನ್ವಯಿಸುವುದು ಸರಿಯಲ್ಲ.

‘ಕೆಲ ವರ್ಷಗಳಲ್ಲಿ ಇದು ನಿಮ್ಮದೇ ಎಲುಬಾಗಿಬಿಡುತ್ತದೆ’ ಎಂದು ಹೇಳುವುದುಂಟು. ವಯಸ್ಕರಲ್ಲಿ ಅಂಚಿನ ಭಾಗಕ್ಕೆ ಎಲುಬು ಹಬ್ಬುತ್ತದೆ, ನಡುವಿನದು ವರ್ಷಗಟ್ಟಲೆ ಸಿಮೆಂಟಾಗಿಯೇ ಇರುತ್ತದೆ. ರೋಗಿಗೆ ಅಷ್ಟನ್ನೇ ಹೇಳಬೇಕು.

ಸೊಂಟದ ಕೀಲಿನ ಸುದ್ದಿ ಇಲ್ಲಿಗೆ ಹೊಂದದಿರಲು ಕಾರಣವೂ ಸರಳ. ಅಲ್ಲಿ ತೊಡೆಯೆಲುಬಿನ ಮಜ್ಜೆಯ ಕೊಳವೆಗೆ ಬಹಳಷ್ಟು ಪಿಎಂಎಂಎಯನ್ನು ಒತ್ತಡ ಹಾಕಿ ತುರುಕುತ್ತಾರೆ. ಮಜ್ಜೆಯ ಕೊಬ್ಬು ರಕ್ತಕ್ಕೆ ನುಗ್ಗಿ ಶ್ವಾಸಕೋಶಕ್ಕೆ ಹೋಗುವುದು ಅಲ್ಲಿನ ಅಪಾಯದ ಮೂಲ. ಬುರುಡೆಯ ತೆರೆದ ರಂಧ್ರದಲ್ಲಿ ಹಾಗೆ ಒತ್ತಡ ಹಾಕುವ ಕೊಳವೆಯೇ ಇಲ್ಲ.

1994ರ ಪಾಠ

ಮೂರನೆಯ ಒಂದು ಸಿಮೆಂಟ್ ಕೂಡ ಈ ಜಾಗದಲ್ಲಿ ಬಳಕೆಗೆ ಬಂದಿತ್ತು. ಹಲ್ಲಿನ ವೈದ್ಯರು ಬಳಸುವ ಗ್ಲಾಸ್ ಅಯನೋಮರ್ ಜಾತಿಯದು. ಎಲುಬಿಗೆ ಚೆನ್ನಾಗಿ ಅಂಟುತ್ತದೆ ಎಂದು ಶ್ರವಣ ನರದ ಶಸ್ತ್ರಚಿಕಿತ್ಸೆಗಳ ಬಳಿಕ ಬುರುಡೆ ಮುಚ್ಚಲು ಬಳಸಿದರು. ಅದರಲ್ಲಿ ಅಲ್ಯೂಮಿನಿಯಂ ಇತ್ತು. ಮಿದುಳಿನ ಸುತ್ತಲಿನ ದ್ರವ ತಾಗಿದಾಗ ಅಲ್ಯೂಮಿನಿಯಂ ಕರಗಿ ಹೊರಬಂದು ನೇರವಾಗಿ ಮಿದುಳನ್ನು ಮುಟ್ಟಿತು. ರೋಗಿಗಳಿಗೆ ಫಿಟ್ಸ್ ಬಂತು, ಪ್ರಜ್ಞೆ ಮಸುಕಾಯಿತು, ಸಾವುಗಳೂ ಆದವು. 1994ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇಂಥ ಪ್ರಕರಣಗಳು ಪ್ರಕಟವಾದವು.

ಕಿವಿಯ ಸಣ್ಣ ಮೂಳೆಗಳ ಮೇಲೆ ಇಟ್ಟಾಗ ತೊಂದರೆ ಕೊಡದ ವಸ್ತು ಕೆಲವೇ ಸೆಂಟಿಮೀಟರ್ ಆಚೆ ವಿಷವಾಯಿತು. ಇಂದು ಬಳಸುವ ಮೇಲಿನ ಎರಡು ಸಿಮೆಂಟುಗಳಿಗೆ ಆ ದೋಷವಿಲ್ಲ. ಆದರೂ ‘ಯಾವ ಸಿಮೆಂಟ್?’ ಎಂದು ಕೇಳುವ ಹಕ್ಕು ರೋಗಿಗೆ ಇದೆ ಎಂದು ನಾವು ಒತ್ತಿ ಹೇಳುವುದು ಈ ಕಾರಣಕ್ಕೆ.

ದ್ರವ ಸೋರುವುದನ್ನು ತಡೆಯುವುದು ಯಾರು?

ಮಿದುಳು, ಬೆನ್ನುಹುರಿಗಳ ಸುತ್ತ ಇರುವ ಸಿಎಸ್‌ಎಫ್ ಎಂಬ ದ್ರವ ವಯಸ್ಕರಲ್ಲಿ ಯಾವುದೇ ಹೊತ್ತಿಗೆ ಸುಮಾರು 150 ಮಿಲಿಲೀಟರ್. ಆದರೆ ದಿನಕ್ಕೆ ಹುಟ್ಟುವುದು ಸುಮಾರು 500 ಮಿಲಿಲೀಟರ್. ಅಂದರೆ ಒಂದು ಕಡೆ ಸೋರಿದರೆ ಅದು ತಾನಾಗಿ ಬತ್ತುವ ನೀರಲ್ಲ, ಹಿಂದಿನಿಂದ ಬರುತ್ತಲೇ ಇರುತ್ತದೆ. ಕೆಮ್ಮು, ಸೀನು, ಮಲವಿಸರ್ಜನೆಗೆ ತಿಣುಕುವುದು, ಎಲ್ಲವೂ ಅದರ ಒತ್ತಡವನ್ನು ಏರಿಸುತ್ತವೆ.

ಇದನ್ನು ತಡೆಯುವ ಮೊದಲ ಕಟ್ಟೆ ಡ್ಯೂರಾದ ಹೊಲಿಗೆ. ಗಂಟೆಗಟ್ಟಲೆ ಸೂಕ್ಷ್ಮದರ್ಶಕದ ಬೆಳಕಿಗೆ ತೆರೆದಿದ್ದ ಡ್ಯೂರಾ ಒಣಗಿ ಕುಗ್ಗಿರುತ್ತದೆ. ಎರಡು ಅಂಚು ಕೂಡದೆ ಸೂಜಿ ಹಾಕಿದಲ್ಲೆಲ್ಲ ತೂತಾಗುತ್ತದೆ. ಆಗ ಸ್ನಾಯುವಿನ ಮೇಲ್ಪೊರೆಯ ಚೂರನ್ನೋ ಕೃತಕ ಪೊರೆಯನ್ನೋ ತೇಪೆಯಾಗಿ ಹೊಲಿಯಬೇಕು. ಹೊಲಿದ ಮೇಲೆ ಅರಿವಳಿಕೆ ವೈದ್ಯರು ರೋಗಿಯ ಶ್ವಾಸಕೋಶದ ಒತ್ತಡವನ್ನು ಕೆಲವು ಸೆಕೆಂಡ್ ಹೆಚ್ಚಿಸುತ್ತಾರೆ. ಹೊಲಿಗೆಯ ಸಾಲಿನಲ್ಲಿ ಎಲ್ಲಾದರೂ ಹನಿ ಒಸರಿದರೆ ಇನ್ನೊಂದು ಹೊಲಿಗೆ. ಎರಡನೆಯ ಕಟ್ಟೆ ತೆರೆದ ಗಾಳಿಗೂಡುಗಳಿಗೆ ಒತ್ತಿ ಹಚ್ಚುವ ಬೋನ್ ವ್ಯಾಕ್ಸ್ ಎಂಬ ಮೇಣ. ಇದನ್ನು ಕೊರೆದ ತಕ್ಷಣ ಒಮ್ಮೆ, ಮುಚ್ಚುವ ಮುನ್ನ ಇನ್ನೊಮ್ಮೆ ಹಚ್ಚಬೇಕು. ಎರಡನೆಯ ಸಲ ಮರೆತರೆ ನಡುವೆ ಕಿತ್ತುಹೋದ ಮೇಣದ ಜಾಗ ಹಾಗೇ ಉಳಿಯುತ್ತದೆ.

ಸಿಮೆಂಟ್ ಮೂರನೆಯ ಕಟ್ಟೆ. ಹೈಡ್ರಾಕ್ಸಿಅಪಟೈಟ್ ಆದರೆ ಗೂಡುಗಳ ಬಾಯಿಯನ್ನೂ ಮುಚ್ಚುತ್ತದೆ; ಕಿವಿಯ ಒಳಭಾಗವನ್ನೇ ಕೊರೆದು ಹೋಗುವ ಶಸ್ತ್ರಚಿಕಿತ್ಸೆಗಳಲ್ಲಿ ಇದರ ಲಾಭ ಹೆಚ್ಚು ಸ್ಪಷ್ಟ. ಪಿಎಂಎಂಎ ಎಲುಬಿಗೆ ಅಂಟದ ಕಾರಣ ಅದರ ಅಂಚಿನ ಸಂದಿಯಲ್ಲಿ ದ್ರವ ಸರಾಗವಾಗಿ ನುಸುಳಬಹುದು. ಅದು ಆಕಾರ ಕೊಡುತ್ತದೆ, ಸ್ನಾಯುವನ್ನು ಡ್ಯೂರಾದಿಂದ ದೂರ ಇಡುತ್ತದೆ, ನೀರು ತಡೆಯುವುದಿಲ್ಲ. ಮೊದಲೆರಡು ಕಟ್ಟೆ ಸಡಿಲವಿದ್ದರೆ ಯಾವ ಸಿಮೆಂಟ್ ಹಾಕಿದರೂ ಸೋರುವುದು ಸೋರುತ್ತದೆ. ಹೈಡ್ರಾಕ್ಸಿಅಪಟೈಟಿಗಂತೂ ಆ ಸೋರಿಕೆಯೇ ಕುತ್ತು, ಹದ ಬರುವ ಮೊದಲೇ ತೋಯಿಸಿ ಕೆಡಿಸುತ್ತದೆ.

ವರದಿಗಳು ಒಂದಕ್ಕೊಂದು ಹೊಂದುವುದಿಲ್ಲವೇಕೆ

ಈ ವಿಷಯದ ಹೆಚ್ಚಿನ ಅಧ್ಯಯನಗಳು ಹಳೆಯ ಕಡತಗಳನ್ನು ತೆರೆದು ನೋಡಿದಂಥವು: ಒಂದೇ ತಂಡದ ಸಿಮೆಂಟ್‌ಪೂರ್ವ ರೋಗಿಗಳು, ಸಿಮೆಂಟ್ ನಂತರದ ರೋಗಿಗಳು. ಆದರೆ ಸಿಮೆಂಟ್ ಬಂದ ವರ್ಷಗಳಲ್ಲೇ ತಂಡದ ಹೊಲಿಗೆ ಸುಧಾರಿಸಿರುತ್ತದೆ, ಒಳ್ಳೆಯ ಕೃತಕ ಪೊರೆ ಸಿಕ್ಕಿರುತ್ತದೆ, ರಂಧ್ರ ಚಿಕ್ಕದಾಗಿರುತ್ತದೆ. ಸೋರಿಕೆ ಇಳಿದ ಶ್ರೇಯಸ್ಸು ಯಾವುದಕ್ಕೆ?

ಸಂಖ್ಯೆಯ ಕಷ್ಟವೂ ಇದೆ. ಲೆಕ್ಕಕ್ಕಾಗಿ, 100ರಲ್ಲಿ 3 ಜನರಿಗೆ ಸೋರುತ್ತದೆ, ಸಿಮೆಂಟ್ ಅದನ್ನು ಅರ್ಧಕ್ಕೆ ಇಳಿಸುತ್ತದೆ ಎಂದು ಇಟ್ಟುಕೊಳ್ಳೋಣ. ಈ ವ್ಯತ್ಯಾಸವನ್ನು ನಂಬುವಂತೆ ಸಾಬೀತು ಮಾಡಲು ಎರಡೂ ಗುಂಪುಗಳಲ್ಲಿ ತಲಾ ಸುಮಾರು 1,500 ರೋಗಿಗಳು ಬೇಕು. ನೂರಿನ್ನೂರು ರೋಗಿಗಳ ಅಧ್ಯಯನದಲ್ಲಿ ಒಬ್ಬಿಬ್ಬರ ವ್ಯತ್ಯಾಸವೇ ಫಲಿತಾಂಶವನ್ನು ತಿರುಗಿಸಿಬಿಡುತ್ತದೆ. ತಲೆನೋವಿನ ಅಧ್ಯಯನಗಳಲ್ಲಿ ಒಬ್ಬರು ಡಿಸ್ಚಾರ್ಜ್ ದಿನ ಕೇಳುತ್ತಾರೆ, ಇನ್ನೊಬ್ಬರು ಒಂದು ವರ್ಷದ ಬಳಿಕ. ‘ಲಾಭವಿದೆ’, ‘ವ್ಯತ್ಯಾಸವಿಲ್ಲ’ ಎಂಬ ಎರಡೂ ತೀರ್ಮಾನಗಳು ಪ್ರಾಮಾಣಿಕವಾಗಿಯೇ ಹೊರಬರುವುದು ಹೀಗೆ. ನಮಗೆ ಕಾಣುವಂತೆ, ಸ್ನಾಯು ಮತ್ತು ಡ್ಯೂರಾದ ನಡುವೆ ಗಟ್ಟಿ ಪದರ ಇರಬೇಕೆಂಬ ವಾದ ಬಲವಾಗಿದೆ. ಆ ಪದರ ಸಿಮೆಂಟೇ ಆಗಬೇಕು ಎನ್ನಲು ಅಷ್ಟು ಬಲವಿಲ್ಲ.

ಎಡವಟ್ಟಾಗುವುದು ಎಲ್ಲಿ

ಅತಿ ಗಂಭೀರವಾದದ್ದು ಸಿರೆಯ ಮೇಲಿನ ಒತ್ತಡ. ರಂಧ್ರದ ಒಂದು ಅಂಚಿನಲ್ಲೇ ಸಿಗ್ಮಾಯ್ಡ್ ಸೈನಸ್ ಇದೆಯಷ್ಟೆ. ಮೆತ್ತಗಿರುವ ಸಿಮೆಂಟನ್ನು ಬೆರಳಿನಿಂದ ಒತ್ತಿದಾಗ ಅದು ಎಲುಬಿನ ಅಂಚಿನ ಅಡಿಗೆ ಜಾರಿ ಸಿರೆಯನ್ನು ಅದುಮಬಹುದು. ರಕ್ತದ ಹರಿವು ನಿಧಾನವಾದರೆ ಹೆಪ್ಪುಗಟ್ಟುತ್ತದೆ, ಮಿದುಳಿನ ಒತ್ತಡ ಏರುತ್ತದೆ. ಏರಿದ ಒತ್ತಡ ಮತ್ತೆ ಡ್ಯೂರಾದ ಹೊಲಿಗೆಯ ಮೇಲೆಯೇ ಬೀಳುತ್ತದೆ. ಇದನ್ನು ತಪ್ಪಿಸಲು ಡ್ಯೂರಾ ಮತ್ತು ಸಿರೆಯ ಮೇಲೆ ಜೆಲಾಟಿನ್ ಸ್ಪಂಜನ್ನು ತೆಳ್ಳಗೆ ಹಾಸಿ, ಸಿಮೆಂಟನ್ನು ಎಲುಬಿನ ಹೊರಮೈ ಮಟ್ಟಕ್ಕೆ ಸವರಬೇಕೇ ಹೊರತು ಒಳಕ್ಕೆ ತುಂಬಬಾರದು. ಸ್ಪಂಜು ದಪ್ಪವಾದರೂ ಕಷ್ಟ: ಅದು ದ್ರವ ಹೀರಿ ಉಬ್ಬುತ್ತದೆ, ಮೇಲಿನ ಸಿಮೆಂಟ್ ತೆಳ್ಳಗಾಗಿ ಒಡೆಯುತ್ತದೆ.

ಹೈಡ್ರಾಕ್ಸಿಅಪಟೈಟ್ ಹಾಕುವಾಗ ಎಲುಬಿನ ಅಂಚಿನ ಒಸರುವ ರಕ್ತವನ್ನು ಪೂರ್ತಿ ನಿಲ್ಲಿಸಿ, ಹತ್ತಿಪಟ್ಟಿಗಳಿಂದ ಒಣಗಿಸಿ, ಆಮೇಲೆಯೇ ಪುಡಿ ಕಲಸಬೇಕು. ಮೊದಲೇ ಕಲಸಿಟ್ಟು ರಕ್ತ ನಿಲ್ಲಿಸಲು ಹೋದರೆ ಹದ ಮೀರಿಹೋಗುತ್ತದೆ. ಮೀರಿದ್ದನ್ನು ನೀರು ಬೆರೆಸಿ ಸರಿಪಡಿಸಲು ಬಾರದು, ಹೊಸ ಪ್ಯಾಕೇ ಬೇಕು. ಸವರಿದ ಮೇಲೆ ಗಟ್ಟಿಯಾಗುವವರೆಗೆ ಮುಟ್ಟಬಾರದು. ಅವಸರಕ್ಕೆ ಸ್ನಾಯು ಹೊಲಿಯಲು ತೊಡಗಿದರೆ ಆ ಎಳೆತಕ್ಕೇ ಬಿರುಕು ಬಿಡುತ್ತದೆ.

ಸೋಂಕಿನದು ಬೇರೆ ಕಥೆ. ಸಿಮೆಂಟಿನ ಮೈಗೆ ರಕ್ತಸಂಚಾರವಿಲ್ಲ. ಬ್ಯಾಕ್ಟೀರಿಯಾ ಅಲ್ಲಿ ಪದರ ಕಟ್ಟಿಕೊಂಡು ಕೂತರೆ ರಕ್ತದ ಮೂಲಕ ಬರುವ ಔಷಧ ಸಾಕಷ್ಟು ತಲುಪುವುದಿಲ್ಲ. ಆಗ ಸಾಮಾನ್ಯವಾಗಿ ಸಿಮೆಂಟನ್ನು ತೆಗೆದೇ ಚಿಕಿತ್ಸೆ ಮಾಡಬೇಕಾಗುತ್ತದೆ. ಕಿವಿಯಲ್ಲಿ ಆಗಲೇ ಸೋಂಕು, ಸೋರುವಿಕೆ ಇರುವವರಿಗೆ ಸಿಮೆಂಟ್ ಹಾಕಲು ಹಿಂದೆಮುಂದೆ ನೋಡುವುದು ಇದಕ್ಕೇ.

ಮನೆಗೆ ಬಂದ ಮೇಲೆ

ಮೊದಲ ವಾರಗಳಲ್ಲಿ ಗಮನಿಸಬೇಕಾದದ್ದು ಸಿಮೆಂಟನ್ನಲ್ಲ, ದ್ರವವನ್ನು. ಮುಂದಕ್ಕೆ ಬಾಗಿದಾಗ ಒಂದೇ ಹೊಳ್ಳೆಯಿಂದ ತಿಳಿನೀರು ತೊಟ್ಟಿಕ್ಕುವುದು, ಗಂಟಲ ಹಿಂದೆ ಉಪ್ಪುಪ್ಪಾದ ರುಚಿ, ಗಾಯದ ಜಾಗ ಮೆತ್ತಗೆ ಉಬ್ಬುವುದು, ಎದ್ದು ಕೂತರೆ ಹೆಚ್ಚಿ ಮಲಗಿದರೆ ಇಳಿಯುವ ತಲೆನೋವು ಸೋರಿಕೆಯ ಲಕ್ಷಣಗಳು. ನೆಗಡಿ ಎಂದು ಸುಮ್ಮನಾಗಬಾರದು. ತೊಟ್ಟಿಕ್ಕುವ ನೀರನ್ನು ಶುಚಿಯಾದ ಸಣ್ಣ ಶೀಷೆಯಲ್ಲಿ ಹಿಡಿದು ಕೊಟ್ಟರೆ ಬೀಟಾ-2 ಟ್ರಾನ್ಸ್‌ಫೆರಿನ್ ಪರೀಕ್ಷೆಯಿಂದ ಅದು ಸಿಎಸ್‌ಎಫ್ ಹೌದೋ ಅಲ್ಲವೋ ತಿಳಿಯುತ್ತದೆ. ಜ್ವರದ ಜೊತೆ ಕತ್ತು ಸೆಟೆದುಕೊಂಡರೆ, ಬೆಳಕು ನೋಡಲಾಗದಿದ್ದರೆ ಅದೇ ಹೊತ್ತಿಗೆ ಆಸ್ಪತ್ರೆಗೆ ಹೋಗಬೇಕು. ಬೆಳಗಾಗಲಿ ಎಂದು ಕಾಯುವ ಸಂಗತಿ ಅದಲ್ಲ.

ಎರಡು ಸಿಮೆಂಟುಗಳೂ ಲೋಹವಲ್ಲ. ಎಂಆರ್‌ಐಗೆ ಅಡ್ಡಿಯಿಲ್ಲ, ಲೋಹ ಹುಡುಕುವ ಯಂತ್ರವೂ ಕೂಗುವುದಿಲ್ಲ. ಸಿಟಿ ಸ್ಕ್ಯಾನಿನಲ್ಲಿ ಹೈಡ್ರಾಕ್ಸಿಅಪಟೈಟ್ ಅಚ್ಚ ಬಿಳಿಯಾಗಿ ಕಾಣುತ್ತದೆ. ಬೇರಿಯಂ ಇಲ್ಲದ ಪಿಎಂಎಂಎ ಎಲುಬಿಗಿಂತ ಕಪ್ಪಾಗಿ ಕಾಣುವುದರಿಂದ ವಿಷಯ ತಿಳಿಯದ ವೈದ್ಯರು ಅದನ್ನು ಬೇರೇನೋ ಎಂದು ಓದುವ ಸಂಭವವಿದೆ.

ಕೆಲವರಿಗೆ ವರ್ಷಗಳ ಬಳಿಕ ಮುಖದ ನೋವು ಮರುಕಳಿಸುತ್ತದೆ, ಅದೇ ರಂಧ್ರದಿಂದ ಮತ್ತೆ ಒಳಹೋಗಬೇಕಾಗುತ್ತದೆ. ಆಗ ಎದುರಿಗಿರುವುದು ಪಿಎಂಎಂಎ ಆದರೆ ಅಂಚು ಬಿಡಿಸಿ ಬಿಲ್ಲೆಯಂತೆ ಎತ್ತಲು ನೋಡುತ್ತಾರೆ. ಹೈಡ್ರಾಕ್ಸಿಅಪಟೈಟ್ ಆದರೆ ಎಲುಬು ಎಲ್ಲಿ ಮುಗಿಯಿತು, ಸಿಮೆಂಟ್ ಎಲ್ಲಿ ಶುರುವಾಯಿತು ಎಂದು ಕಣ್ಣಿಗೆ ಗೊತ್ತಾಗದಷ್ಟು ಬೆಸೆದಿರುತ್ತದೆ. ಸಿರೆಯ ಪಕ್ಕದಲ್ಲೇ ನಿಧಾನವಾಗಿ ಡ್ರಿಲ್ ಮಾಡುತ್ತಾ ಸವೆಸಬೇಕು. ಎರಡನೆಯ ತಂಡಕ್ಕೆ ಇದು ಮೊದಲೇ ತಿಳಿದಿರಬೇಕು. ಪ್ಯಾಕಿನ ಮೇಲೆ ವಸ್ತುವಿನ ಹೆಸರು, ಬ್ಯಾಚ್ ಸಂಖ್ಯೆ ಇರುವ ಸ್ಟಿಕ್ಕರ್ ಇರುತ್ತದೆ. ಅದನ್ನು ಶಸ್ತ್ರಚಿಕಿತ್ಸೆಯ ದಾಖಲೆಗೆ ಅಂಟಿಸಿದ್ದಾರೆಯೇ ಎಂದು ಕೇಳಿ, ಅದರ ಒಂದು ಪ್ರತಿಯನ್ನು ಡಿಸ್ಚಾರ್ಜ್ ಪತ್ರದ ಜೊತೆ ಇಟ್ಟುಕೊಳ್ಳಿ.